ಬ್ಯಾಲದಕೆರೆಯ ನಾಮಗೋಳಿಗಳು

ನಾಗಭೂಷಣ್ ತೀರಿಕೊಂಡು ವರ್ಷವಾಗುತ್ತ ಬಂತು. ಅವನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಾಗಲೆಲ್ಲ ಮೂಗಿಗೆ ಕೋಳಿ ಕರುಳಿನ ನಾತ ಬಂದು ಬಡಿಯುತ್ತದೆ. ಎದ್ದು ಹೋಗಿ ಮುಖ ತೊಳೆದು ಬರುತ್ತೇನೆ. ಅವನ ನೆನಪಿನ ಜೊತೆ ಅವನ ಅಂಗಡಿಯ ವಾರ್ನಿಷಿನ ವಾಸನೆ ಬರಬೇಕಿತ್ತು. ಅದನ್ನೂ ಉಳಿಸಲಿಲ್ಲ ಈ ಜನ.

ಶಿರಾ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳನ್ನು ಕಳ್ಳಂಬೆಳ್ಳದಿಂದ, ಪುರವರದಿಂದ, ಆಚೆ ಪಾವಗಡದ ಕಡೆಯಿಂದಲೂ ಟೆಂಪೋದಲ್ಲಿ ಹಾಕಿಕೊಂಡು ಬರುತ್ತಿದ್ದರು. ಸುಟ್ಟ ತಂತಿ ತೆಗೆದು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕೆಲಸ. ಒಂದೊಂದು ಮೋಟಾರಿಗೂ ಇಷ್ಟೇ ಸುತ್ತು ಎಂದು ಇರುತ್ತದೆ. ಸುತ್ತುವಾಗ ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ. ಯಾರಾದರೂ ಮಾತಾಡಿಸಲು ಬಂದರೆ ತಲೆ ಎತ್ತದೆ ಎಡಗೈಯ ಅಂಗೈ ಎತ್ತಿ ತೋರಿಸುತ್ತಿದ್ದ. ತಿಳಿದ ಗಿರಾಕಿಗಳು ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು. ಕ್ಯಾತಗಾನಚೆರ್ಲಿನಿಂದ ಮೊದಲ ಸಲ ಬಂದಿದ್ದ ರೈತನೊಬ್ಬ ಆ ಅಂಗೈ ನೋಡಿ, "ಏಮಿ ಸಾಮಿ, ಆಶೀರ್ವಾದಮಾ?" ಎಂದು ಕೈಮುಗಿದುಬಿಟ್ಟಿದ್ದ. ನಾಗ ನಕ್ಕ. ನಕ್ಕಿದ್ದಕ್ಕೆ ಎಣಿಕೆ ತಪ್ಪಿತು. ಸುತ್ತಿದ್ದಷ್ಟನ್ನೂ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಿದ.

ಆ ಕಸುಬಿನಲ್ಲಿ ಎಣಿಕೆ ತಪ್ಪಿದರೆ ಅಂದಾಜಿನ ಮೇಲೆ ಮುಗಿಸುವವರೇ ಹೆಚ್ಚು. ನಾನೂ ಒಮ್ಮೆ ಕೇಳಿದ್ದೆ, ನಾಲ್ಕು ಸುತ್ತು ಆಚೀಚೆ ಆದರೆ ಏನಾಗುತ್ತದೆ ಎಂದು.

"ಏನೂ ಆಗಲ್ಲ. ಮೋಟ್ರು ಓಡುತ್ತೆ. ಸ್ವಲ್ಪ ದಿನ ಚೆನ್ನಾಗೇ ಓಡುತ್ತೆ. ಆಮೇಲೆ ಬೋರ್ ಒಳಗೇ ಸುಟ್ಟೋಗುತ್ತೆ. ಕರೆಂಟು ಸರಿಯಿಲ್ಲ ಅಂತ ಅವ್ನು ಲೈನ್‌ಮನ್‌ಗೆ ಬೈಕೊಂಡು ಮತ್ತೆ ನನ್ ಅಂಗ್ಡಿಗೇ ಬತ್ತಾನೆ. ಮತ್ತೆ ನಾನೇ ಕಾಸು ಇಸ್ಕಬೇಕು. ಅಸಹ್ಯ ಕಣ್ಲಾ ಅದು."

ಅಸಹ್ಯ ಎನ್ನುವ ಮಾತನ್ನು ಅವನು ಸುಮ್ಮಸುಮ್ಮನೆ ಆಡುತ್ತಿರಲಿಲ್ಲ. ಈಗ ನಾನು ದಿನಕ್ಕೆ ಹತ್ತು ಸಲ ಆಡುತ್ತೇನೆ.

ಅವನಿಗೆ ಹಕ್ಕಿ ಎಣಿಸುವ ಹುಚ್ಚು ಹತ್ತಿಸಿದ್ದು ಬ್ಯಾಲದಕೆರೆ. ಕಳ್ಳಂಬೆಳ್ಳ ದಾಟಿ ಒಳಗೆ ತಿರುಗಿದರೆ ಸಿಗುವ ಕೆರೆ ಅದು. ಏರಿಯ ಕೆಳಗಿನ ತೋಟಕ್ಕೆ ಮೋಟಾರು ಇಳಿಸಲು ಹೋದವನು ಏರಿ ಹತ್ತಿ ನೋಡಿದನಂತೆ. ಚಳಿಗಾಲದ ಬೆಳಿಗ್ಗೆ, ನೀರಿನ ತುಂಬ ಹಿಮಾಲಯದ ಆಚೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಕೂತಿದ್ದವು. ಅಷ್ಟು ದೂರದಿಂದ ಬಂದವು ಎಷ್ಟಿವೆ ಎಂದು ಯಾರೂ ನೋಡುವುದಿಲ್ಲವಲ್ಲ ಎಂದು ಅವನಿಗೆ ಕಸಿವಿಸಿಯಾಯಿತು. ಮುಂದಿನ ವಾರವೇ ಕಂತಿನಲ್ಲಿ ದುರ್ಬೀನು ಕೊಂಡ. ಅಲ್ಲಿಂದ ಪ್ರತಿ ಜನವರಿ ಕೆರೆಗಳಿಗೆ ಹೋಗಿ ಎಣಿಸುವುದು, ಆ ಲೆಕ್ಕವನ್ನು ಜಿಲ್ಲೆಯ ಲೆಕ್ಕ ಕೂಡಿಸುವವರಿಗೆ ಕಳಿಸುವುದು ಅವನ ವ್ರತವಾಯಿತು. ಫ್ಲಾಸ್ಕು ಹೊತ್ತುಕೊಂಡು ನಾನೂ ಹೋಗುತ್ತಿದ್ದೆ.

ಎಣಿಸುವಾಗ ವೈಂಡಿಂಗ್ ಮಾಡುವಾಗಿನ ರೀತಿಯೇ. ಎಡದಂಡೆಯ ತೂಬಿನಿಂದ ಶುರು, ಬಲಗಡೆಯ ಕೋಡಿಯವರೆಗೆ, ಒಂದು ಸಲಕ್ಕೆ ಒಂದೇ ಜಾತಿ. ಮೊದಲು ಸೂಜಿಬಾಲದ ಬಾತು, ಆಮೇಲೆ ಸಲಿಕೆಯಂಥ ಕೊಕ್ಕಿನ ಬಾತು, ಆಮೇಲೆ ಕೆಸರಿನಲ್ಲಿ ಉದ್ದ ಕಾಲೂರಿ ನಿಲ್ಲುವ ಮೆಟ್ಟುಗಾಲು ಹಕ್ಕಿ, ಗದ್ದೆಗೊರವ. ನಡುವೆ ಗಿಡುಗ ಬಂದು ಗುಂಪು ಎದ್ದು ಚೆದುರಿದರೆ, ಅಂಗೈ ಎತ್ತಿ ನನ್ನನ್ನು ಸುಮ್ಮನಿರಿಸಿ, ಅವು ಮತ್ತೆ ಕೂರುವವರೆಗೂ ಕಾದು, ಮತ್ತೆ ತೂಬಿನಿಂದ ಹಿಡಿಯುತ್ತಿದ್ದ. ಮಧ್ಯಾಹ್ನದ ಊಟಕ್ಕೆ ನಾವು ಯಾವತ್ತೂ ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದಿಲ್ಲ.

"ಅಡುಗೆಮನೇಲಿ ಸಿಲಿಂಡರ್ ಖಾಲಿಯಾಗಿದ್ದು ಕಾಣಲ್ಲ, ಕೆರೆ ಆಚೆ ದಂಡೆ ಬಾತುಕೋಳಿ ಕಾಣುತ್ತೆ," ಎಂದು ಅವನ ಹೆಂಡತಿ ಲೋಹಿತಾ ಹಂಗಿಸುತ್ತಿದ್ದಳು. "ನೀವಾದ್ರೂ ಹೇಳಬಾರ್ದಾ ಅಣ್ಣ?"

"ನಾನು ಹೇಳಿದ್ರೆ ನನಗೂ ಅಂಗೈ ತೋರ್ಸ್ತಾನೆ ಕಣಮ್ಮ."

ಕೊನೆಯ ಎರಡು ವರ್ಷ ಅವನಿಗೆ ದೂರದ್ದೂ ಸರಿಯಾಗಿ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಕಾಯಿಲೆಯವನು, ಆಪರೇಷನ್ನಿಗೆ ಹೆದರಿ ಯಾರಿಗೂ ಹೇಳಿರಲಿಲ್ಲ. ಅದು ಆಮೇಲೆ ಗೊತ್ತಾಯಿತು.

ಈ ಹೊತ್ತಿಗೆ ಬ್ಯಾಲದಕೆರೆಯ ಮೀನಿನ ಗುತ್ತಿಗೆ ನವೀನ್ ಕುಮಾರ್ ಎಂಬವನ ಕೈಗೆ ಹೋಗಿತ್ತು. ಅವನು ಸಾಕಿದ್ದು ಕ್ಯಾಟ್‌ಫಿಶ್, ಸಾಕಬಾರದೆಂದು ಸರ್ಕಾರ ನಿಷೇಧಿಸಿರುವ ಮೀನು. ಅದು ಏನು ಹಾಕಿದರೂ ತಿನ್ನುತ್ತದೆ. ಸುತ್ತಲ ಊರುಗಳ ಕೋಳಿ ಅಂಗಡಿಗಳ ಕಸವನ್ನೆಲ್ಲ ಲಾರಿಯಲ್ಲಿ ತುಂಬಿಸಿ ತಂದು ಕೆರೆಯ ಅಂಚಿಗೆ ಸುರಿಸುತ್ತಿದ್ದ. ಕರುಳು, ಪುಕ್ಕ, ಕಾಲು, ಕಣ್ಣು ತೆರೆದೇ ಇರುವ ತಲೆಗಳು. ಸುರಿದ ಕಡೆ ನೀರು ಕುದಿಯುವಂತೆ ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಮೀನು ತಿಂದು ಬಿಟ್ಟದ್ದು ಕೊಳೆತು ಹುಳುವಾಗಿ ದಂಡೆಯುದ್ದಕ್ಕೂ ಬಿಳಿ ಪಟ್ಟಿಯಂತೆ ಮಿಸುಕುತ್ತಿತ್ತು. ಕೆಸರು ಸೋಸಿ ತಿನ್ನುವ ಬಾತುಗಳು ಅದನ್ನೇ ಸೋಸಿ ತಿಂದವು. ಆಮೇಲೆ ಕುತ್ತಿಗೆ ಎತ್ತಲಾಗದೆ, ತಲೆ ನೀರೊಳಗೆ ಇಳಿಬಿದ್ದು, ಬದುಕಿದ್ದ ಹಾಗೆಯೇ ಮುಳುಗಿ ಸತ್ತವು. ಊರಿನ ದನಗಳು ಆ ನೀರಿಗೆ ಮೂತಿ ಇಡುತ್ತಿರಲಿಲ್ಲ.

ಹೋದ ವರ್ಷ ಜನವರಿಯಲ್ಲಿ ನನಗೆ ಜ್ವರ. ನಾಗ ಒಬ್ಬನೇ ಎಣಿಸಲು ಹೋದ. ಸಂಜೆ ಫೋನ್ ಮಾಡಿದಾಗ ಅವನ ದನಿ ಕುಣಿಯುತ್ತಿತ್ತು.

"ಲೇ, ಬಾತು ಏನೂ ಇಲ್ಲ, ಆದ್ರೆ ನಾಮಗೋಳಿ ಬಂದವೆ ಕಣ್ಲಾ! ಕೆರೆ ನಡುವೆ ಸಾಲುಸಾಲು. ಆರ್ನೂರು ದಾಟ್ತು!"

ನಾಮಗೋಳಿ ಎಂದರೆ ಕರಿ ಮೈ, ಕೊಕ್ಕಿನಿಂದ ಹಣೆಗೆ ಬಿಳಿ ನಾಮ ಇಟ್ಟಂತೆ ಕಾಣುವ ನೀರುಕೋಳಿ. ಅಷ್ಟೊಂದು ಅಲ್ಲಿ ಹಿಂದೆಂದೂ ಬಂದಿರಲಿಲ್ಲ. ನಂಬಲು ನನಗೂ ಆಸೆಯಾಯಿತು.

ನಮ್ಮ ಕಡೆಯ ಎಣಿಕೆಯೆಲ್ಲ ನಿಸರ್ಗ ಬಳಗ ಎಂಬ ಸಂಘದ ಹೆಸರಿನಲ್ಲಿ ಹೋಗುತ್ತಿತ್ತು. ಅದರ ಕಾರ್ಯದರ್ಶಿ ರುದ್ರಮುನಿ, ಶಿರಾದಲ್ಲಿ ಕಲ್ಯಾಣ ಮಂಟಪ ಇಟ್ಟಿರುವವನು. ಆರುನೂರು ಎಂದು ಕೇಳಿದ್ದೇ ತಡ, ಕೆರೆಯ ಏರಿಯ ಮೇಲೆ ಹಕ್ಕಿ ಹಬ್ಬ ಮಾಡಿಸಿದ. ಖರ್ಚೆಲ್ಲ ನವೀನ್ ಕುಮಾರನದು. ಆ ನಾತದಲ್ಲಿ ಶಾಮಿಯಾನ ಹಾಕಿಸಿ ಕೇಸರಿಬಾತು ಬಡಿಸಿದರು. ಎಲ್ಲರಿಗೂ ಹಳದಿ ಟೀ ಶರ್ಟು, ಬೆನ್ನಿನ ಮೇಲೆ ನಾಮಗೋಳಿಯ ಚಿತ್ರ, ಅದರ ಕೆಳಗೆ ಗುತ್ತಿಗೆದಾರನ ಹೆಸರು. ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸೆಲ್ಫಿ ತೆಗೆದುಕೊಂಡರು. ಜನ ಸೇರಿದ್ದಕ್ಕೆ ಹೆದರಿ ಹಕ್ಕಿಗಳು ನಡುನೀರಿನಲ್ಲೇ ಇವೆ ಎಂದು ರುದ್ರಮುನಿ ಮೈಕಿನಲ್ಲಿ ವಿವರಿಸಿದ.

ಮುಂದಿನ ವಾರ ಬ್ಯಾಲದಕೆರೆಯ ಗ್ರಾಮಸಭೆ. ಕೋಳಿ ಕಸದ ಲಾರಿ ನಿಲ್ಲಿಸಬೇಕೆಂದು ಊರಿನವರು ಗಲಾಟೆ ಎಬ್ಬಿಸಿದ್ದರು. ನಾಗನೂ ನಾನೂ ಹೋಗಿ ಹಿಂದೆ ನಿಂತಿದ್ದೆವು. ಚನ್ನಮಲ್ಲಮ್ಮ ಎಂಬ ಮುದುಕಿ ಎದ್ದು, "ನಮ್ ಎಮ್ಮೆ ಕುಡಿಯಲ್ಲ ಆ ನೀರ. ನೀನು ಒಂದ್ ಲೋಟ ಕುಡ್ದು ತೋರ್ಸಪ್ಪ, ನಾವು ಸುಮ್ಕಾಯ್ತೀವಿ," ಎಂದು ನವೀನ್ ಕುಮಾರನಿಗೆ ಹೇಳಿದಳು. ಸಭೆ ಹೋ ಎಂದು ನಕ್ಕಿತು.

ಅವನೂ ನಕ್ಕ. "ಅಜ್ಜಿ, ಹಕ್ಕಿಗಿಂತ ಎಮ್ಮೆಗೆ ಬುದ್ಧಿ ಜಾಸ್ತೀನಾ? ನೀರು ಕೆಟ್ಟಿದ್ರೆ ಆರ್ನೂರು ನಾಮಗೋಳಿ ಎಲ್ಲಿಂದ ಬತ್ತಿದ್ವು? ಎಣಿಸಿದೋರು ಇಲ್ಲೇ ನಿಂತವ್ರೆ, ಕೇಳಿ. ನಾಗಭೂಷಣ್ ಸಾರ್ ಲೆಕ್ಕ ಅಂದ್ರೆ ಲೆಕ್ಕ."

ಎಲ್ಲರೂ ತಿರುಗಿ ನೋಡಿದರು. ನಾಗ ತಲೆ ತಗ್ಗಿಸಿದ. ಊರಿನವರ ಅರ್ಜಿ ಅಲ್ಲಿಗೆ ಬಿದ್ದುಹೋಯಿತು. ಹೊರಗೆ ಬಂದಾಗ ಚನ್ನಮಲ್ಲಮ್ಮ ಅವನ ಕಡೆ ನೋಡಿ ಪಕ್ಕಕ್ಕೆ ಉಗಿದಳು.

ಮಾರನೆಯ ಬೆಳಿಗ್ಗೆ ನನ್ನನ್ನು ಎಬ್ಬಿಸಿಕೊಂಡು ಕೆರೆಗೆ ಹೋದ. ಇನ್ನೊಂದು ಸಲ ನೋಡಬೇಕು ಎಂದನೇ ಹೊರತು ಏನನ್ನು ಎಂದು ಹೇಳಲಿಲ್ಲ. ಅಲ್ಲಿ ಬಲೆ ಬಿಡುವ ಚಿಕ್ಕನರಸಯ್ಯ ತೆಪ್ಪ ಕಟ್ಟುತ್ತಿದ್ದ.

"ನರಸಯ್ಯ, ಆ ನಾಮಗೋಳಿ ಹತ್ರ ಒಂದ್ಸಲ ಬುಡಪ್ಪ ನನ್ನ."

"ಯಾವ ನಾಮಗೋಳಿ ಸಾಮಿ?"

ನಾಗ ನಡುನೀರಿನ ಕಡೆ ಕೈ ತೋರಿಸಿದ. ಗಾಳಿಗೆ ಕಪ್ಪು ಸಾಲುಗಳು ಮೇಲೆ ಕೆಳಗೆ ಆಡುತ್ತಿದ್ದವು. ನರಸಯ್ಯ ಅತ್ತ ನೋಡಿದ, ಇವನನ್ನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ನನ್ನಪ್ಪ, ಅವು ನಮ್ ಬಲೆ ಡಬ್ಬಿ! ಎಂಜಿನ್ ಆಯಿಲ್ ಡಬ್ಬಿ ಕಟ್ಟಿದೀವಿ ಬಲೆ ಮುಳುಗ್ದಂಗೆ. ಅವು ಹಾರಿದ್ದ ನೋಡಿದ್ರಾ ನೀವು? ಕೂಗಿದ್ದ ಕೇಳಿದ್ರಾ?"

ಕಪ್ಪು ಡಬ್ಬಿ, ಬಿಳಿ ಮುಚ್ಚಳ. ಪೊರೆ ಬಂದ ಕಣ್ಣಿಗೆ, ಮಂಜಿನಲ್ಲಿ, ಬಾತುಗಳೆಲ್ಲ ಸತ್ತು ಖಾಲಿಯಾದ ಕೆರೆಯಲ್ಲಿ ಏನಾದರೂ ಕಂಡರೆ ಸಾಕು ಎಂದು ಹಂಬಲಿಸಿ ಹೋದವನಿಗೆ ಅವು ನಾಮಗೋಳಿಗಳಾಗಿದ್ದವು. ಅಷ್ಟು ವರ್ಷ ಹಕ್ಕಿ ನೋಡಿದವನು ಬಲೆಯ ಡಬ್ಬಿಗಳನ್ನು ಎಡದಂಡೆಯಿಂದ ಬಲದಂಡೆಯವರೆಗೆ ಒಂದೂ ಬಿಡದೆ ಎಣಿಸಿದ್ದ.

ಅವನು ನಗಲಿಲ್ಲ. ಏರಿಯ ಕಲ್ಲಿನ ಮೇಲೆ ಕೂತು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

"ಬಿಚ್ಚಬೇಕು," ಎಂದ.

ಅಲ್ಲಿಂದ ನೇರ ರುದ್ರಮುನಿಯ ಮಂಟಪಕ್ಕೆ ಹೋದೆವು. ನಾಗ ನಿಂತುಕೊಂಡೇ ಎಲ್ಲ ಹೇಳಿದ. ಅವನ ಕಣ್ಣಿನ ಪೊರೆಯ ವಿಷಯ ನಾನು ಮೊದಲ ಸಲ ಕೇಳಿದ್ದು ಅಲ್ಲಿಯೇ. ಲೆಕ್ಕ ತಪ್ಪಾಗಿದೆ, ವಾಪಸ್ ತಗೊಳ್ಳಿ ಎಂದ.

ರುದ್ರಮುನಿ ಮದುವೆಯ ಪಾತ್ರೆಗಳನ್ನು ಎಣಿಸಿ ಒಳಗಿಡಿಸುತ್ತಿದ್ದ. ಒಂದು ಸೌಟು ಕಡಿಮೆಯಾಗಿದೆ ಎಂದು ಅಡುಗೆಯವರ ಮೇಲೆ ರೇಗುತ್ತಿದ್ದ. "ನಾಗಭೂಷಣ್ ಅವ್ರೇ, ಪೇಪರಲ್ಲಿ ಬಂದಾಗಿದೆ. ಈಗ ಡಬ್ಬಿ ಅಂದ್ರೆ ಬಳಗದ ಮರ್ಯಾದೆ ಏನಾಗ್ಬೇಕು? ಹಕ್ಕಿ ಅಂದ್ರೆ ಹಾರೋವು, ಇವತ್ತಿರ್ತವೆ, ನಾಳೆ ಹೋಗ್ತವೆ. ಯಾರ್ ಬಂದು ನೋಡ್ತಾರೆ ಬಿಡಿ."

"ಆ ಲೆಕ್ಕ ತೋರ್ಸಿ ಅವ್ನು ವಿಷ ಸುರೀತಾವ್ನೆ."

"ನಾವೇನು ಸುರಿ ಅಂದ್ವಾ? ನಮ್ದು ಹಕ್ಕಿ ಎಣಿಸೋ ಸಂಘ, ಲಾರಿ ನಿಲ್ಲಿಸೋ ಸಂಘ ಅಲ್ಲ. ಕಾಫಿ ಕುಡೀರಿ."

ನಾಗ ಕಾಫಿ ಮುಟ್ಟಲಿಲ್ಲ. ತುಮಕೂರಿನಲ್ಲಿ ಜಿಲ್ಲೆಯ ಲೆಕ್ಕ ಕೂಡಿಸುವ ಅಶ್ವಿನಿಗೆ ಅಲ್ಲಿಂದಲೇ ಫೋನ್ ಮಾಡಿದ. ಆ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಸಂಘದ ಹೆಸರಲ್ಲಿ ಬಂದ ಲೆಕ್ಕ ಸಂಘದ ಕಡೆಯಿಂದಲೇ ವಾಪಸ್ಸಾಗಬೇಕು ಸಾರ್, ಇಲ್ಲವಾದರೆ ಏನಾದರೂ ಪುರಾವೆ ಇರಬೇಕು, ಎಂದಳು.

ಪುರಾವೆ ಎಂಬ ಆ ಮಾತು ಅವನನ್ನು ಕೆರೆಗೆ ಇಳಿಸಿತು. ಗುತ್ತಿಗೆದಾರ ಕಂಡರೆ ಬಲೆ ಕಿತ್ತುಕೊಂಡು ಓಡಿಸುತ್ತಾನೆಂದು ನರಸಯ್ಯ ತೆಪ್ಪ ಕೊಡಲು ಹೆದರಿದ. ಸರಿ, ನಾಗ ತಾನೇ ಪ್ಯಾಂಟು ಮಡಿಸಿಕೊಂಡು, ನಾನು ತಡೆದರೂ ಕೇಳದೆ, ಆ ಹುಳುವಿನ ಪಟ್ಟಿಯನ್ನು ತುಳಿದುಕೊಂಡು ನೀರಿಗಿಳಿದ. ಎದೆಮಟ್ಟದವರೆಗೆ ಹೋಗಿ ಬಲೆಯ ಅಂಚಿನಿಂದ ಡಬ್ಬಿಗಳನ್ನು ಕೊಯ್ದು ಕೊಯ್ದು ಗೋಣಿಚೀಲಕ್ಕೆ ತುಂಬಿದ. ದಂಡೆಗೆ ಬಂದಾಗ ಅಂಗಿಗೆ ಪುಕ್ಕ ಅಂಟಿತ್ತು, ಮೊಣಕೈಗೆ ಕರುಳಿನ ಎಳೆ ಸುತ್ತಿಕೊಂಡಿತ್ತು. ನಾನು ಅಲ್ಲೇ ವಾಂತಿ ಮಾಡಿಕೊಂಡೆ.

"ನೀನ್ಯಾಕ್ಲಾ ವಾಂತಿ ಮಾಡ್ತೀಯ? ಇಳ್ದಿದ್ದು ನಾನು," ಎಂದು ನಕ್ಕ. ಆ ದಿನದ ನಗು ಅದೊಂದೇ.

ಮನೆಗೆ ಹೋದ ಮೇಲೆ ಲೋಹಿತಾ ಅವನ ಅಂಗಾಲು ನೋಡಿದಳು. ಕೆಸರಿನೊಳಗಿನ ಗಾಜಿನ ಚೂರು ಹೊಕ್ಕಿತ್ತು. ಸಕ್ಕರೆ ಕಾಯಿಲೆಯ ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ. ಎರಡು ದಿನಕ್ಕೆ ಕಾಲು ಊದಿತು, ಆಮೇಲೆ ಕಪ್ಪಾಯಿತು. ತುಮಕೂರಿಗೆ ಸೇರಿಸಿದೆವು. ಬೆರಳು ತೆಗೆದರು, ಪಾದ ತೆಗೆದರು. ವೈದ್ಯರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಆದರೆ ಕೆರೆಯಲ್ಲಿದ್ದದ್ದು ಅಷ್ಟರಲ್ಲಿ ಅವನ ರಕ್ತಕ್ಕೆ ಹೋಗಿತ್ತು. ಪಟ್ಟಿ ಬದಲಾಯಿಸುವಾಗ ಹಾಸಿಗೆಯ ಸುತ್ತ ಅದೇ ವಾಸನೆ. ಕೆರೆಯ ಅಂಚಿನದು.

ಕೊನೆಯ ದಿನಗಳಲ್ಲಿ ಅವನು ಜ್ವರದಲ್ಲಿ ಎಣಿಸುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ನರ್ಸು ಮಾತಾಡಿಸಿದರೆ ಎಡಗೈ ಮೇಲೇಳುತ್ತಿತ್ತು. ಪೂರ್ತಿ ಎಚ್ಚರವಿದ್ದ ಒಂದು ಮಧ್ಯಾಹ್ನ ಕೇಳಿದ್ದು ಒಂದೇ. "ಆ ಲೆಕ್ಕ ಬಿಚ್ಚಿದ್ರಾ?"

ಇಲ್ಲ ಎಂದೆ. ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಸುಳ್ಳು ಹೇಳಬಹುದಿತ್ತು ಎಂದು ಆಮೇಲೆ ಯಾರೋ ಅಂದರು. ಅವನಿಗೆ ಸುಳ್ಳು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಶಿವಗಣಾರಾಧನೆ ಮುಗಿದ ವಾರ ನಿಸರ್ಗ ಬಳಗದವರು ರುದ್ರಮುನಿಯ ಮಂಟಪದಲ್ಲಿ ನುಡಿನಮನ ಇಟ್ಟರು. ವೇದಿಕೆಯ ಹಿಂದೆ ಬ್ಯಾನರು. ನಾಗನ ಫೋಟೋ, ಅದರ ಪಕ್ಕದಲ್ಲಿ ಫೋಟೋಗಿಂತ ದೊಡ್ಡ ಅಕ್ಷರಗಳಲ್ಲಿ "ಬ್ಯಾಲದಕೆರೆಗೆ ಆರುನೂರು ನಾಮಗೋಳಿಗಳನ್ನು ತಂದ ಪಕ್ಷಿಪ್ರೇಮಿ." ಯಾವ ಲೆಕ್ಕ ಅಳಿಸಿಹಾಕಿ ಎಂದು ಅವನು ಅಂಗಲಾಚಿದ್ದನೋ ಅದನ್ನೇ ಅವನ ಹಣೆಯ ಪಕ್ಕ ಬರೆಸಿದ್ದರು. ಮುಂದಿನ ಸಾಲಿನಲ್ಲಿ ನವೀನ್ ಕುಮಾರ್ ಬಿಳಿ ಬಟ್ಟೆ ಹಾಕಿಕೊಂಡು ಗಂಭೀರವಾಗಿ ಕೂತಿದ್ದ. ಹಾರದ ಖರ್ಚು ಅವನದಂತೆ. ತುಮಕೂರಿನಿಂದ ಅಶ್ವಿನಿಯೂ ಬಂದಿದ್ದಳು.

ರುದ್ರಮುನಿ ಕಣ್ಣೊರೆಸಿಕೊಳ್ಳುತ್ತ, ಆ ಹಕ್ಕಿಗಳ ಕಲರವದಲ್ಲಿ ನಾಗಭೂಷಣ್ ಅಮರ ಎನ್ನುತ್ತಿದ್ದಾಗ ಬಾಗಿಲ ಹತ್ತಿರ ಗದ್ದಲವಾಯಿತು. ಲೋಹಿತಾ ಗೋಣಿಚೀಲ ಎಳೆದುಕೊಂಡು ಒಳಗೆ ಬರುತ್ತಿದ್ದಳು. ಅಷ್ಟೂ ದಿನ ಹಿತ್ತಿಲಲ್ಲಿ ಬಿದ್ದಿದ್ದ ಚೀಲ ಅದು. ನಾನು ಎದ್ದು ಹಿಡಿಯಲು ಹೋದೆ, ಬೇಡ ಎಂದು ಕಣ್ಣಲ್ಲೇ ಹೇಳಿದಳು. ವೇದಿಕೆಯ ಮುಂದೆ, ದೀಪದ ಕಂಬದ ಬುಡದಲ್ಲಿ, ಬಾಯಿ ಬಿಚ್ಚಿ ಸುರಿದಳು. ಕಪ್ಪು ಡಬ್ಬಿಗಳು ಗಡಗಡ ಉರುಳಿ ಕುರ್ಚಿಗಳ ಕೆಳಗೆಲ್ಲ ಹೋದವು. ಒಣಗಿದ ಪಾಚಿ, ಪುಕ್ಕ, ಆ ನಾತ. ಮುಂದಿನ ಸಾಲಿನವರು ಕಾಲು ಎತ್ತಿಕೊಂಡರು.

"ಇವೇ ನೋಡಿ ಅವ್ರು ಎಣಿಸಿದ ನಾಮಗೋಳಿ," ಎಂದಳು. ಮೈಕು ಬೇಕಾಗಲಿಲ್ಲ. "ಇದ್ರಲ್ಲಿ ಒಂದೇ ಒಂದು ಹಾರಿಸಿ ತೋರ್ಸಿ. ಆಮೇಲೆ ಅವ್ರಿಗೆ ಹಾರ ಹಾಕೀರಂತೆ."

ನವೀನ್ ಕುಮಾರ್ ಕರ್ಚೀಫು ತೆಗೆದು ಮೂಗು ಮುಚ್ಚಿಕೊಂಡ. ಲಾರಿಗಟ್ಟಲೆ ಕೋಳಿ ಕರುಳನ್ನು ಊರಿನ ಕೆರೆಗೆ ಸುರಿಸಿದವನು, ಒಂದು ಚೀಲ ಖಾಲಿ ಡಬ್ಬಿಯ ವಾಸನೆಗೆ. ನನ್ನ ಜೀವನದಲ್ಲಿ ನಾನು ಕಂಡ ಅತಿ ಹೇಸಿಗೆಯ ದೃಶ್ಯ ಅದು. ಹುಳುವಿನ ಪಟ್ಟಿಯೂ ಅಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ.

"ಪಾಪ, ದುಃಖದಲ್ಲಿದ್ದಾರೆ," ಎಂದು ರುದ್ರಮುನಿ ಮೈಕಿನಲ್ಲಿ ಹೇಳಿದ. "ಯಾರಾದ್ರೂ ಅಮ್ಮನವರಿಗೆ ನೀರು ಕೊಡಿ."

"ಬ್ಯಾಲದಕೆರೆ ನೀರಿದ್ರೆ ನೀವೇ ಕುಡೀರಿ," ಎಂದಳು ಲೋಹಿತಾ.

ಅಶ್ವಿನಿ ಎದ್ದು ಬಂದು ಬಗ್ಗಿ ಒಂದು ಡಬ್ಬಿ ಎತ್ತಿಕೊಂಡಳು. ಬಿಳಿ ಮುಚ್ಚಳ ತನ್ನ ಕಡೆ ತಿರುಗಿಸಿ, ಕೈ ಚಾಚಿ ದೂರ ಹಿಡಿದು ನೋಡಿದಳು. ಅದರ ಕತ್ತಿಗೆ ಬಲೆಯ ನೂಲು ಇನ್ನೂ ಇತ್ತು. "ಫೋನ್ ಮಾಡಿದ್ರು ನನಗೆ," ಎಂದಳು, ಯಾರಿಗೆ ಎಂದಿಲ್ಲದೆ. ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು. ಮರುವಾರ ನಮಗೆ ತಿಳಿಸಿದಳು: ಆ ಲೆಕ್ಕ ತೆಗೆದುಹಾಕಿಯಾಗಿದೆ, ಆ ವರ್ಷ ಬ್ಯಾಲದಕೆರೆಯಲ್ಲಿ ಎಣಿಕೆ ನಡೆದಿಲ್ಲವೆಂದೇ ಇರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ನವೀನ್ ಕುಮಾರನಿಗೆ ತೋರಿಸಲು ಏನೂ ಇರಲಿಲ್ಲ. ಲಾರಿ ನಿಲ್ಲಿಸಬೇಕೆಂದು ನಿರ್ಣಯವಾಯಿತು. ಚನ್ನಮಲ್ಲಮ್ಮ ಹೆಬ್ಬೆಟ್ಟು ಒತ್ತಿ ಲೋಹಿತಾಳ ಕೈ ಹಿಡಿದುಕೊಂಡಳಂತೆ.

ಇಲ್ಲಿಗೆ ಮುಗಿಸಿದರೆ ಓದುವವರಿಗೆ ಹಿತವಾಗಿರುತ್ತದೆ. ಆದರೆ ಲಾರಿ ನಿಂತಿಲ್ಲ. ಹಗಲು ಬರುತ್ತಿದ್ದದ್ದು ಈಗ ಬೆಳಕು ಹರಿಯುವ ಮುಂಚೆ ಬರುತ್ತದೆ, ಅದೂ ಟಾರ್ಪಾಲು ಹೊದ್ದುಕೊಂಡು. ರುದ್ರಮುನಿ ಎದುರಿಗೆ ಸಿಕ್ಕರೆ ಈಗಲೂ ನನ್ನ ಹೆಗಲ ಮೇಲೆ ಕೈ ಹಾಕುತ್ತಾನೆ. ಮನೆಗೆ ಬಂದು ಅಂಗಿ ಒಗೆಯಲು ಹಾಕುತ್ತೇನೆ.

ಈ ಜನವರಿ ಲೋಹಿತಾ ಮತ್ತು ನಾನು ಎಣಿಸಲು ಹೋದೆವು. ದುರ್ಬೀನು ಅವಳ ಕೈಯಲ್ಲಿ, ಫ್ಲಾಸ್ಕು ನನ್ನ ಕೈಯಲ್ಲಿ. ಮೂಗಿಗೆ ಸೆರಗು ಕಟ್ಟಿಕೊಂಡು ತೂಬಿನ ಹತ್ತಿರ ನಿಂತು ಮೆಟ್ಟುಗಾಲು ಹಕ್ಕಿಗಳಿಂದ ಶುರು ಮಾಡಿದಳು. ಇದ್ದದ್ದೇ ಬೆರಳೆಣಿಕೆಯಷ್ಟು. ತಡವಾಗಿ ಬಂದ ಒಂದು ಲಾರಿ ಕೋಡಿಯ ಕಡೆ ಹಾರ್ನ್ ಹೊಡೆದು ಕಸ ಸುರಿಯಿತು. ಇದ್ದಬದ್ದ ಹಕ್ಕಿಗಳೆಲ್ಲ ಎದ್ದುಹೋದವು. ನನ್ನ ಬಾಯಿಗೆ ಕೆಟ್ಟ ಬೈಗುಳ ಬಂತು.

ಲೋಹಿತಾ ಕಣ್ಣಿನಿಂದ ದುರ್ಬೀನು ತೆಗೆಯದೆ ಎಡಗೈ ಎತ್ತಿದಳು. ನಾನು ಬಾಯಿ ಮುಚ್ಚಿಕೊಂಡೆ. ಹಕ್ಕಿಗಳು ಮತ್ತೆ ಕೂರುವವರೆಗೂ ಆ ನಾತದಲ್ಲೇ ಕಾದೆವು. ಆಮೇಲೆ ಅವಳು ತೂಬಿನಿಂದ ಮತ್ತೆ ಎಣಿಸತೊಡಗಿದಳು.